ಆನೆಯನ್ನು ಕಳಿಸಿ ತಡಮೆ ಗಟ್ಟಿ ಇದೆಯೇ ಎಂದು ಕೇಳುವವರಿಗೆ

"ಸುಡೊ ಹಾಕಿ ಮಾಷ್ಟ್ರೇ, ಎಲ್ಲ ಸರಿಹೋಗ್ತದೆ!"

ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಕಂಪ್ಯೂಟರ್ ಲ್ಯಾಬುಗಳಲ್ಲಿ ಅತಿ ಹೆಚ್ಚು ಸಲ ಕೇಳಿಬಂದ ವಾಕ್ಯ ಯಾವುದೆಂದು ಯಾರಾದರೂ ಕೇಳಿದರೆ ನಾವು ಇದನ್ನೇ ಹೇಳುತ್ತೇವೆ. ಪ್ರಿಂಟರ್ ಓಡದಿದ್ದರೆ ಸುಡೊ. ಫೈಲು ತೆರೆಯದಿದ್ದರೆ ಸುಡೊ. ಸ್ಕ್ರಿಪ್ಟ್ ಅರ್ಧಕ್ಕೆ ನಿಂತರೆ ಸುಡೊ. ಜ್ವರಕ್ಕೂ ಅದೇ ಮಾತ್ರೆ, ಕಾಲುನೋವಿಗೂ ಅದೇ ಮಾತ್ರೆ! ಇದು ನಿಲ್ಲಬೇಕು ಎಂದು ಹೇಳುವುದಕ್ಕೇ ಇವತ್ತು ಕುಳಿತಿದ್ದೇವೆ. ಸ್ವಲ್ಪ ಖಾರವಾಗಿ ಬರೆದರೆ ಕ್ಷಮಿಸಿ. ಖಾರದ ಮೊದಲ ಪಾಲು ನಮಗೇ ಸಲ್ಲುತ್ತದೆ, ಏಕೆಂದರೆ ಈ ತಪ್ಪನ್ನು ಮಾಡಿ ಅನುಭವಿಸಿದವರು ನಾವೇ.

ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾಯಿತು. 2017ರಲ್ಲಿ ಅದೇ ಕೈಟ್ ಎಂಬ ಸರಕಾರಿ ಕಂಪೆನಿಯಾಯಿತು. ಇದರ ಒಂದು ಒಳ್ಳೆಯ ಫಲವೆಂದರೆ ನಮ್ಮ ಶಾಲೆಗಳ ಕಂಪ್ಯೂಟರುಗಳು ಗ್ನು ಲಿನಕ್ಸ್ ಮೇಲೆ ಓಡುತ್ತವೆ. ಬೇರೆ ಕಡೆ ಎಂಜಿನಿಯರುಗಳು ಮಾತ್ರ ಮುಟ್ಟುವ ಟರ್ಮಿನಲ್ಲನ್ನು ಇಲ್ಲಿ ಕನ್ನಡ ಮಾಷ್ಟ್ರು, ಗಣಿತದ ಟೀಚರು ಎಲ್ಲರೂ ಮುಟ್ಟುತ್ತಾರೆ. ಎಸ್‌ಐಟಿಸಿ ಎಂಬ ಹೊಣೆ ಹೆಗಲಿಗೆ ಬಿದ್ದ ಮೇಲಂತೂ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆಯದೆ ವಿಧಿಯಿಲ್ಲ. ಇದು ಹೆಮ್ಮೆಯ ವಿಷಯವೇ. ಆದರೆ ಕತ್ತಿ ಕೈಗೆ ಬಂದ ಮೇಲೆ ಹಿಡಿ ಯಾವುದು, ಅಲಗು ಯಾವುದು ಎಂದು ತಿಳಿಯಬೇಕಲ್ಲವೇ?

ಮೊದಲು ನಮ್ಮ ಕತೆ ಕೇಳಿ.

ನಮ್ಮ ಲ್ಯಾಬಿನ ಒಂದು ಕಂಪ್ಯೂಟರಿನಲ್ಲಿ ವರ್ಷಕ್ಕೊಂದರಂತೆ ಫೋಲ್ಡರುಗಳಿದ್ದವು. 2009ರಿಂದ 2016ರವರೆಗಿನ ಎಂಟು ಫೋಲ್ಡರುಗಳಲ್ಲಿ ಕನ್ನಡ ಪ್ರಶ್ನೆಪತ್ರಿಕೆಗಳು, ವಿಜ್ಞಾನದ ಅಭ್ಯಾಸ ಹಾಳೆಗಳು, ಮಕ್ಕಳ ಗೋಡೆಪತ್ರಿಕೆ, ಮಲಯಾಳದ ಪಾರಿಭಾಷಿಕ ಪದಗಳಿಗೆ ನಾವೇ ಕೂಡಿಸಿಟ್ಟ ಕನ್ನಡ ಪದಗಳ ಪಟ್ಟಿ, ಎಲ್ಲ ಇದ್ದವು. ಹಳೆಯವು ನುಡಿಯಲ್ಲಿ, ಬರಹದಲ್ಲಿ ಟೈಪಾದವು. ಅವನ್ನು ಯುನಿಕೋಡಿಗೆ ತಿರುಗಿಸಿ, ಒತ್ತಕ್ಷರ ಕೆಟ್ಟಲ್ಲಿ ಕೈಯಾರೆ ತಿದ್ದಿ ಇಟ್ಟಿದ್ದೆವು. ಆ ಕೆಲಸ ಮಾಡಿದವರಿಗೆ ಅದರ ಬೆವರು ಗೊತ್ತು.

ಹಳೆಯ ವರ್ಷಗಳನ್ನು ಯಾರೂ ಕೆಡಿಸಬಾರದೆಂದು ಆ ಫೋಲ್ಡರುಗಳಿಂದ ಬರೆಯುವ ಅನುಮತಿಯನ್ನು ತೆಗೆದುಹಾಕಿದ್ದೆವು. ಆಮೇಲೆ ಒಂದು ಸ್ಕ್ರಿಪ್ಟ್ ಬರೆದೆವು. ಅದು ಪ್ರತಿ ವರ್ಷದ ಫೋಲ್ಡರಿನ ಮುಂದೆ ನಿಂತು "ಇಲ್ಲಿ ಬರೆಯಬಹುದೇ?" ಎಂದು ಕೇಳಬೇಕು. ಬರೆಯಬಹುದು ಎಂದಾದರೆ ಅದನ್ನು ಖಾಲಿ ಮಾಡಿ, ಲ್ಯಾಬಿನ ಉಳಿದ ಕಂಪ್ಯೂಟರುಗಳಿಂದ ಆ ವರ್ಷದ ಹೊಸ ಪ್ರತಿಗಳನ್ನು ತಂದು ತುಂಬಬೇಕು. ಬರೆಯಲಾಗದು ಎಂದಾದರೆ "ಇದು ಮುಚ್ಚಿದ ವರ್ಷ, ಮುಟ್ಟುವುದಿಲ್ಲ" ಎಂದು ಹೇಳಿ ಮುಂದೆ ಹೋಗಬೇಕು. ತಿಂಗಳುಗಟ್ಟಲೆ ಹಾಗೆಯೇ ನಡೆಯಿತು. ನಮ್ಮ ಜಾಣತನಕ್ಕೆ ನಾವೇ ಬೆನ್ನು ತಟ್ಟಿಕೊಂಡೆವು.

2018ರ ಮಾರ್ಚಿನಲ್ಲಿ ಒಂದು ದಿನ ಸ್ಕ್ರಿಪ್ಟ್ ಆ ವರ್ಷದ ಫೋಲ್ಡರನ್ನೂ "ಮುಚ್ಚಿದ ವರ್ಷ" ಎಂದಿತು. ಹಿಂದಿನ ದಿನ ಯಾರೋ ಸುಡೊ ಹಾಕಿ ಪೆನ್ ಡ್ರೈವಿನಿಂದ ಅದನ್ನು ನಕಲು ಮಾಡಿದ್ದರು, ಹಾಗಾಗಿ ಫೋಲ್ಡರು ರೂಟಿನ ಹೆಸರಿಗೆ ಹೋಗಿತ್ತು. ಸ್ಕ್ರಿಪ್ಟ್ ಸರಿಯಾಗಿಯೇ ಹೇಳಿತ್ತು: ಏನೋ ಎಡವಟ್ಟಾಗಿದೆ, ನೋಡಿ ಎಂದು. ನಾವು ನೋಡಲಿಲ್ಲ. ಗಂಟೆ ಮೂರೂವರೆ, ನಾಲ್ಕಕ್ಕೆ ಬಸ್ಸು. ಸ್ಕ್ರಿಪ್ಟಿನ ಮುಂದೆ ಸುಡೊ ಸೇರಿಸಿ ಎಂಟರ್ ಒತ್ತಿದೆವು.

ಎಂಟು ವರ್ಷಗಳ ಎಂಟೂ ಫೋಲ್ಡರುಗಳು "ಬರೆಯಬಹುದು" ಎಂದವು. ಎಂಟೂ ಖಾಲಿಯಾದವು. ತುಂಬಲು ಉಳಿದ ಕಂಪ್ಯೂಟರುಗಳಲ್ಲಿ ಹಳೆಯ ವರ್ಷದ್ದು ಏನೂ ಇರಲಿಲ್ಲ.

ಒಂದೂ ಎಚ್ಚರಿಕೆ ಬರಲಿಲ್ಲ, ಒಂದೂ ಪ್ರಶ್ನೆ ಬರಲಿಲ್ಲ. ಸಾಲುಗಳು ಒಂದರ ಹಿಂದೆ ಒಂದು "ಆಯಿತು, ಆಯಿತು" ಎಂದು ಮೇಲೆ ಸರಿದವು.

ಇದು ಹೇಗಾಯಿತು? ನಾವು ಇಟ್ಟ ಚೆಕ್ ಎಲ್ಲಿ ಹೋಯಿತು? ಚೆಕ್ ಎಲ್ಲಿಗೂ ಹೋಗಿರಲಿಲ್ಲ. ಅಲ್ಲೇ ನಿಂತಿತ್ತು, ಕೇಳಿದ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರವನ್ನೂ ಕೊಟ್ಟಿತ್ತು. ಪ್ರಶ್ನೆ ಕೇಳಿದವರು ಯಾರು ಎಂಬುದನ್ನು ಮಾತ್ರ ನಾವು ಮರೆತಿದ್ದೆವು.

ಲಿನಕ್ಸಿನಲ್ಲಿ ಪ್ರತಿ ಫೈಲಿಗೂ ಒಬ್ಬ ಒಡೆಯ, ಒಂದು ಗುಂಪು, ಆಮೇಲೆ ಇತರರು. ಈ ಮೂವರಿಗೂ ಓದುವ, ಬರೆಯುವ, ಓಡಿಸುವ ಮೂರು ಮೂರು ಅನುಮತಿಗಳು. ಒಟ್ಟು ಒಂಬತ್ತು. 644, 755 ಎಂದೆಲ್ಲ ನಾವು ಬರೆಯುವುದು ಈ ಒಂಬತ್ತರ ಲೆಕ್ಕವನ್ನೇ. ಸ್ಕ್ರಿಪ್ಟಿನಲ್ಲಿ ಟೆಸ್ಟ್ -ಆರ್ ಎಂದು ಬರೆದರೆ ಓದಬಹುದೇ ಎಂದು ಕೇಳಿದಂತೆ, ಟೆಸ್ಟ್ -ಡಬ್ಲ್ಯು ಎಂದರೆ ಬರೆಯಬಹುದೇ ಎಂದು, ಟೆಸ್ಟ್ -ಎಕ್ಸ್ ಎಂದರೆ ಓಡಿಸಬಹುದೇ ಎಂದು.

ನಮ್ಮಲ್ಲಿ ಬಹಳ ಮಂದಿ ಈ ಪ್ರಶ್ನೆ ಫೈಲಿನ ಕುರಿತಾದದ್ದು ಎಂದು ತಿಳಿದಿದ್ದಾರೆ. ಫೈಲಿನ ಮೇಲೆ ಬೀಗ ಇದೆಯೇ ಎಂದು ನೋಡುವ ಪ್ರಶ್ನೆ ಅಂತ. ನಿಜವಾಗಿ ಅದು ಕೇಳುವುದು "ಈಗ ಈ ಸ್ಕ್ರಿಪ್ಟನ್ನು ಓಡಿಸುತ್ತಿರುವ ನನಗೆ ಇದರಲ್ಲಿ ಬರೆಯಲು ಆಗುತ್ತದೆಯೇ?" ಎಂದು. ಉತ್ತರ ಕೊಡುವ ಕರ್ನಲ್ ಮೊದಲು ಕೇಳುವವನ ನಂಬರು ನೋಡುತ್ತದೆ. ಸಾಮಾನ್ಯ ಬಳಕೆದಾರನಾದರೆ ಒಂಬತ್ತು ಅನುಮತಿಗಳ ಪಟ್ಟಿ ತೆಗೆದು ತಾಳೆ ನೋಡುತ್ತದೆ. ಸೊನ್ನೆ ನಂಬರಿನ ರೂಟ್ ಆದರೆ ಆ ಪಟ್ಟಿಗೆ ಬೆಲೆಯೇ ಇಲ್ಲ. 1999ರಲ್ಲಿ ಬಂದ ಲಿನಕ್ಸ್ ಕರ್ನಲ್ 2.2ರಿಂದ ರೂಟಿನ ಅಧಿಕಾರಗಳನ್ನು ಬಿಡಿ ಬಿಡಿಯಾಗಿ ವಿಂಗಡಿಸಿದ್ದಾರೆ. ಅದರಲ್ಲಿ ಒಂದರ ಹೆಸರು ಕ್ಯಾಪ್ ಡ್ಯಾಕ್ ಓವರ್‌ರೈಡ್. ಹೆಸರೇ ಹೇಳುವಂತೆ, ಅನುಮತಿಯ ಪಟ್ಟಿಯನ್ನು ದಾಟಿ ಹೋಗುವ ಅಧಿಕಾರ ಅದು. ಸುಡೊ ಹಾಕಿದ ಕ್ಷಣ ನಮ್ಮ ಸ್ಕ್ರಿಪ್ಟಿಗೆ ಅದೂ ಬರುತ್ತದೆ.

ನಮ್ಮ ಕಡೆ ತೋಟದ ಬೇಲಿಯಲ್ಲಿ ತಡಮೆ ಇಡುತ್ತಾರೆ. ಮನುಷ್ಯರು ದಾಟಬೇಕು, ದನ ದಾಟಬಾರದು, ಅದಕ್ಕೆ. ದನವನ್ನು ಬಿಟ್ಟು ನೋಡಿದರೆ ತಡಮೆ ಗಟ್ಟಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಆನೆಯನ್ನು ಕಳಿಸಿ "ತಡಮೆ ಇದೆಯಾ ನೋಡಿ ಬಾ" ಎಂದರೆ? "ದಾಟಬಹುದು" ಎಂದೇ ಅದರ ವರದಿ! ಆನೆ ಸುಳ್ಳು ಹೇಳಲಿಲ್ಲ. ಅದರ ಮಟ್ಟಿಗೆ ಅದು ನಿಜ. ಆ ವರದಿಯನ್ನು ನಂಬಿ ತೋಟದ ಗತಿ ನಿರ್ಧರಿಸಿದವನು ಮೂರ್ಖ. ಮಾರ್ಚ್ ತಿಂಗಳ ಆ ಸಂಜೆ ನಾವೇ ಆ ಮೂರ್ಖರು.

ನಂಬಿಕೆ ಬಾರದವರು ನಿಮ್ಮ ಲ್ಯಾಬಿನಲ್ಲೇ ಮಾಡಿ ನೋಡಿ, ಐದು ನಿಮಿಷದ ಕೆಲಸ. ಒಂದು ಖಾಲಿ ಫೈಲು ಮಾಡಿ. ಸಿಎಚ್‌ಮೋಡ್ ಆಜ್ಞೆಯಿಂದ ಅದರ ಅನುಮತಿಯನ್ನು 000 ಮಾಡಿ, ಅಂದರೆ ಒಡೆಯನೂ ಸೇರಿ ಯಾರಿಗೂ ಏನೂ ಇಲ್ಲ. ಈಗ ನಿಮ್ಮ ಹೆಸರಿನಲ್ಲೇ ಮೂರು ಪ್ರಶ್ನೆಗಳನ್ನೂ ಕೇಳಿ. ಮೂರಕ್ಕೂ "ಇಲ್ಲ". ಅದೇ ಪ್ರಶ್ನೆಗಳನ್ನು ಮುಂದೆ ಸುಡೊ ಸೇರಿಸಿ ಕೇಳಿ. ಓದಬಹುದೇ? ಹೌದು. ಬರೆಯಬಹುದೇ? ಹೌದು. ಓಡಿಸಬಹುದೇ? ಇದಕ್ಕೆ ಮಾತ್ರ "ಇಲ್ಲ". ಸಾಮಾನ್ಯ ಫೈಲನ್ನು ಓಡಿಸಲು ಮೂವರಲ್ಲಿ ಒಬ್ಬರಿಗಾದರೂ ಓಡಿಸುವ ಅನುಮತಿ ಇರಬೇಕು, ಇಲ್ಲದಿದ್ದರೆ ರೂಟಿಗೂ ಆಗುವುದಿಲ್ಲ. ಫೈಲು ಒಂದೇ, ಅನುಮತಿಯೂ ಒಂದೇ, ಕೇಳಿದವರು ಬೇರೆ ಅಷ್ಟೆ. ಒಂಬತ್ತನೇ ತರಗತಿಯ ಮಕ್ಕಳಿಗೆ ಇದನ್ನು ಮಾಡಿ ತೋರಿಸಿದರೆ ಒಂದು ಗಂಟೆಯ ಪಾಠಕ್ಕಿಂತ ಚೆನ್ನಾಗಿ ತಲೆಗೆ ಹೋಗುತ್ತದೆ.

ಇನ್ನೂ ಒಂದು ಇದೆ. ಬರೆಯುವ ಅನುಮತಿ ಇಲ್ಲದ ಫೈಲನ್ನು ಟರ್ಮಿನಲ್ಲಿನಲ್ಲಿ ಆರ್‌ಎಮ್ ಆಜ್ಞೆಯಿಂದ ಅಳಿಸಹೊರಟರೆ ಅದು "ಇದಕ್ಕೆ ರಕ್ಷಣೆ ಇದೆ, ಅಳಿಸಲೇ?" ಎಂದು ಕೇಳುತ್ತದೆ. ಎಷ್ಟೋ ಸಲ ಆ ಒಂದು ಪ್ರಶ್ನೆ ನಮ್ಮನ್ನು ಉಳಿಸಿದೆ. ಸುಡೊ ಹಾಕಿದಾಗ ಆ ಪ್ರಶ್ನೆಯೂ ಬರುವುದಿಲ್ಲ, ಯಾಕೆಂದರೆ ಆರ್‌ಎಮ್ ಕೂಡ ಒಳಗೊಳಗೇ "ನನಗೆ ಬರೆಯಲು ಆಗುತ್ತದೆಯೇ" ಎಂದೇ ವಿಚಾರಿಸುವುದು. ಅಂದರೆ ಅಪಾಯ ಹೆಚ್ಚಿದ ಹೊತ್ತಿನಲ್ಲೇ ಎಚ್ಚರಿಸುವ ದನಿ ಅಡಗುತ್ತದೆ!

"ಇದೆಲ್ಲ ನಿಮ್ಮಂಥವರ ಹೊಸ ಶೋಧವೇ?" ಎಂದು ಒಬ್ಬರು ನಕ್ಕರು. ಅಲ್ಲ ಸ್ವಾಮಿ. ಪ್ರಪಂಚದ ದೊಡ್ಡ ದೊಡ್ಡ ತಂತ್ರಾಂಶ ಬರೆಯುವವರಿಗೆ ಇದು ಚೆನ್ನಾಗಿ ಗೊತ್ತು. ಗಿಟ್ ಎಂಬ ತಂತ್ರಾಂಶವಿದೆ, 2005ರಲ್ಲಿ ಹುಟ್ಟಿದ್ದು. ಅದರ ಜೊತೆ ಬಹಳಷ್ಟು ಪರೀಕ್ಷಾ ಸ್ಕ್ರಿಪ್ಟುಗಳು ಬರುತ್ತವೆ. ಅವುಗಳಲ್ಲಿ ಫೈಲಿನ ಅನುಮತಿಯನ್ನು ನಂಬಿಕೊಂಡ ಪರೀಕ್ಷೆಗಳಿಗೆ ಒಂದು ಪೂರ್ವಷರತ್ತು ಇಟ್ಟಿದ್ದಾರೆ: ಓಡಿಸುವವರು ರೂಟ್ ಆಗಿರಬಾರದು, ಬರೆಯಬಾರದ ಫೈಲಿಗೆ ಬರೆಯಹೋದರೆ ಸೋಲಬೇಕು. ಆ ಷರತ್ತಿಗೆ ಇಟ್ಟ ಹೆಸರು ಸ್ಯಾನಿಟಿ. ಅಂದರೆ ಬುದ್ಧಿ ನೆಟ್ಟಗಿರುವುದು! ರೂಟ್ ಆಗಿ ಅನುಮತಿ ಪರೀಕ್ಷಿಸುವುದು ನೆಟ್ಟಗಿನ ಬುದ್ಧಿಯ ಕೆಲಸವಲ್ಲ ಎಂದು ಅವರೇ ಹೆಸರಿಟ್ಟು ಹೇಳಿದ್ದಾರೆ. ನಾವು ದಿನವೂ ಲ್ಯಾಬುಗಳಲ್ಲಿ ಆಗಿಯೇ ಮಾಡುತ್ತಿದ್ದೇವೆ.

ಎರಡು ಪ್ರಸಿದ್ಧ ಅಪಘಾತಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2011ರಲ್ಲಿ ಬಂಬಲ್‌ಬೀ ಎಂಬ ತಂತ್ರಾಂಶದ ಅನುಸ್ಥಾಪನಾ ಸ್ಕ್ರಿಪ್ಟಿನಲ್ಲಿ ಅಳಿಸುವ ಆಜ್ಞೆಯ ನಡುವೆ ಒಂದು ಖಾಲಿ ಜಾಗ ತಪ್ಪಿ ಸೇರಿತ್ತು. ಒಳಗಿನ ಯಾವುದೋ ಸಣ್ಣ ಫೋಲ್ಡರನ್ನು ಅಳಿಸಬೇಕಾದದ್ದು ಯುಎಸ್‌ಆರ್ ಎಂಬ ಇಡೀ ಫೋಲ್ಡರನ್ನೇ ಅಳಿಸಿತು. ಅದರಲ್ಲೇ ಬಹುಪಾಲು ತಂತ್ರಾಂಶಗಳಿರುವುದು. ಸ್ಕ್ರಿಪ್ಟ್ ಓಡಿದ್ದು ರೂಟ್ ಆಗಿ, ತಡೆಯುವವರು ಯಾರೂ ಇರಲಿಲ್ಲ. 2015ರಲ್ಲಿ ಸ್ಟೀಮ್ ಎಂಬ ಆಟದ ತಂತ್ರಾಂಶದ ಲಿನಕ್ಸ್ ಸ್ಕ್ರಿಪ್ಟಿನಲ್ಲೂ ಅಂಥದೇ ತಪ್ಪು. ಫೋಲ್ಡರಿನ ಹೆಸರು ಇರಬೇಕಾದ ಜಾಗ ಖಾಲಿಯಾಗಿ, ಆಜ್ಞೆ ಬುಡದಿಂದಲೇ ಎಲ್ಲವನ್ನೂ ಅಳಿಸಹೊರಟಿತು. ಆದರೆ ಅದು ಓಡಿದ್ದು ಸಾಮಾನ್ಯ ಬಳಕೆದಾರನ ಹೆಸರಿನಲ್ಲಿ. ಅವನ ಸ್ವಂತ ಫೈಲುಗಳು ಹೋದವು, ಅದು ದೊಡ್ಡ ನಷ್ಟವೇ. ಆದರೆ ಅವನಿಗೆ ಅನುಮತಿ ಇಲ್ಲದ ಒಂದೇ ಒಂದು ಫೈಲೂ ಹೋಗಲಿಲ್ಲ, ಕಂಪ್ಯೂಟರು ನಿಂತಿತು. ತಪ್ಪು ಎಲ್ಲರಿಂದಲೂ ಆಗುತ್ತದೆ. ಅದು ಎಲ್ಲಿಯವರೆಗೆ ಹರಡಬಹುದು ಎಂಬುದನ್ನು ಮಾತ್ರ ನಾವು ಮೊದಲೇ ನಿರ್ಧರಿಸಬಹುದು.

ಇನ್ನು ಸುಡೊ ಪಕ್ಷದವರ ವಾದಗಳಿಗೆ ಬರೋಣ.

"ಸ್ಕ್ರಿಪ್ಟಿನಲ್ಲಿ ಚೆಕ್ ಇದೆಯಲ್ಲ, ಮತ್ತೇನು ಭಯ?" ಎನ್ನುವವರು ಮೊದಲಿನವರು. ಮೇಲೆ ಹೇಳಿದ್ದೆಲ್ಲ ಅವರಿಗೇ. ನಮ್ಮಲ್ಲೂ ಚೆಕ್ ಇತ್ತು. ಚೆಕ್ ಇಲ್ಲದಿದ್ದರೆ ನಾವು ಎಚ್ಚರದಲ್ಲಾದರೂ ಇರುತ್ತಿದ್ದೆವು.

"ನಮ್ಮದು ಹತ್ತು ಕಂಪ್ಯೂಟರಿನ ಸಣ್ಣ ಲ್ಯಾಬು, ಬ್ಯಾಂಕೇನೂ ಅಲ್ಲ" ಎನ್ನುವವರು ಎರಡನೆಯವರು. ಬ್ಯಾಂಕಿನ ಲೆಕ್ಕ ಹೋದರೆ ಇನ್ನೊಂದು ಊರಿನಲ್ಲಿ ಪ್ರತಿ ಇರುತ್ತದೆ. ಮಲಯಾಳ ಮಾಧ್ಯಮದ ಶಾಲೆಯಲ್ಲಿ ಒಂದು ಅಭ್ಯಾಸ ಹಾಳೆ ಅಳಿದುಹೋದರೆ ಪಕ್ಕದ ಜಿಲ್ಲೆಯಿಂದ ಹತ್ತು ಸಿಗುತ್ತವೆ. ಕೇರಳದ ಪಠ್ಯಕ್ರಮಕ್ಕೆ ಕನ್ನಡದಲ್ಲಿ ಮಾಡಿದ ಹಾಳೆ ಹೋದರೆ ಎಲ್ಲಿಂದ ತರುತ್ತೀರಿ? ಗಡಿಯಾಚೆಯ ಮಂಗಳೂರಿನಲ್ಲಿ ಕನ್ನಡ ಇದೆ, ಈ ಪಠ್ಯ ಇಲ್ಲ. ಗಡಿಯೀಚೆ ಕಣ್ಣೂರಿನಲ್ಲಿ ಪಠ್ಯ ಇದೆ, ಕನ್ನಡ ಇಲ್ಲ. ಎರಡೂ ಕೂಡುವುದು ನಮ್ಮಂಥ ಕೆಲವೇ ಶಾಲೆಗಳ ಹಳೆಯ ಕಂಪ್ಯೂಟರುಗಳಲ್ಲಿ. ಲ್ಯಾಬು ಸಣ್ಣದಾದಷ್ಟೂ ಅದರಲ್ಲಿರುವುದು ಬೇರೆಲ್ಲೂ ಸಿಗದು. ಹಾಗಾಗಿ ಎಚ್ಚರ ಹೆಚ್ಚೇ ಬೇಕು.

"ಸಮಯ ಎಲ್ಲಿದೆ?" ಎನ್ನುವವರು ಮೂರನೆಯವರು. ಒಪ್ಪುತ್ತೇವೆ, ಸಮಯ ಇಲ್ಲ. ಆದರೆ ಸುಡೊ ಸಮಯ ಉಳಿಸುತ್ತದೆ ಎಂಬುದು ಸುಳ್ಳು. ನೋಡಿ, ಇವತ್ತು ಸುಡೊ ಹಾಕಿ ಓಡಿಸಿದ ಸ್ಕ್ರಿಪ್ಟ್ ಹುಟ್ಟಿಸಿದ ಫೈಲುಗಳೆಲ್ಲ ರೂಟಿನ ಹೆಸರಿಗೆ ಹೋಗುತ್ತವೆ. ನಾಳೆ ಮಗು ತನ್ನದೇ ಚಿತ್ರವನ್ನು ಉಳಿಸಹೋದರೆ ಆಗುವುದಿಲ್ಲ. "ಟೀಚರ್, ಸೇವ್ ಆಗ್ತಾ ಇಲ್ಲ" ಎನ್ನುತ್ತದೆ. ಆಗ ನಾವು ಇಡೀ ಫೋಲ್ಡರಿಗೆ 777 ಹಾಕುತ್ತೇವೆ, ಅಂದರೆ ಎಲ್ಲರಿಗೂ ಎಲ್ಲ ಅನುಮತಿ. ನಾಡಿದ್ದು ಇನ್ನೊಂದು ತರಗತಿಯ ಮಕ್ಕಳು ಆ ಚಿತ್ರವನ್ನು ಅಳಿಸುತ್ತಾರೆ. ಆಮೇಲೆ ದೂರು, ವಿಚಾರಣೆ, ಮತ್ತೆ ಸುಡೊ. ಮೊದಲ ದಿನ ಎರಡು ನಿಮಿಷ ಉಳಿಸಲು ಹೋಗಿ ವಾರ ಕಳೆಯಿತು. 2018ರಲ್ಲಿ ನಾವು ಉಳಿಸಹೊರಟದ್ದು ಒಂದು ಬಸ್ಸು. ಕಳೆದುಕೊಂಡದ್ದು ಎಂಟು ವರ್ಷ.

ಇದರ ಬೇರು ನಮ್ಮ ಸ್ವಭಾವದಲ್ಲೇ ಇದೆಯೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಗಡಿನಾಡಿನ ಕನ್ನಡ ಮಾಷ್ಟ್ರಿಗೆ "ಅನುಮತಿ ಇಲ್ಲ" ಎಂಬ ಮಾತು ಹೊಸತಲ್ಲ. ಕೆಳಗಿನ ಕಚೇರಿಯಲ್ಲಿ ಇಲ್ಲ ಎಂದರೆ ಮೇಲಿನ ಕಚೇರಿಗೆ, ಅಲ್ಲೂ ಇಲ್ಲ ಎಂದರೆ ಅದಕ್ಕಿಂತ ಮೇಲಕ್ಕೆ ಹೋಗಿ ಅಭ್ಯಾಸವಾಗಿದೆ. ಅಲ್ಲಿ ಅದು ಸರಿ, ಅಲ್ಲಿ ನಮ್ಮ ಹಕ್ಕನ್ನು ಕೇಳುತ್ತೇವೆ. ಆದರೆ ಕಂಪ್ಯೂಟರ್ "ಅನುಮತಿ ಇಲ್ಲ" ಎಂದಾಗ ಅದು ಹಗೆತನದ ಮಾತಲ್ಲ. ಹೆಚ್ಚಿನ ಸಲ ನಾವೇ ನಿನ್ನೆ ಹಾಕಿದ ಬೀಗವನ್ನು ಇವತ್ತು ನಮಗೆ ನೆನಪಿಸುತ್ತಿರುತ್ತದೆ. ಅಲ್ಲಿ ಮೇಲಧಿಕಾರಿಯನ್ನು ಕರೆಯುವ ಮೊದಲು ಒಂದು ಕ್ಷಣ ನಿಂತು "ಯಾಕೆ ಇಲ್ಲ?" ಎಂದು ಕೇಳಬೇಕು. ಎಲ್‌ಎಸ್ -ಎಲ್ ಎಂದು ಹೊಡೆದರೆ ಫೈಲು ಯಾರದು, ಅನುಮತಿ ಏನು ಎಲ್ಲ ಕಾಣುತ್ತದೆ. ಹತ್ತು ಸೆಕೆಂಡು ಸಾಕು.

ಸುಡೊ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ತಂತ್ರಾಂಶ ಅನುಸ್ಥಾಪಿಸಲು, ಹೊಸ ಬಳಕೆದಾರನನ್ನು ಸೇರಿಸಲು ಅದು ಬೇಕೇ ಬೇಕು. 1980ರ ಹೊತ್ತಿಗೆ ಅಮೆರಿಕದ ಬಫಲೋದ ವಿಶ್ವವಿದ್ಯಾಲಯದಲ್ಲಿ ಅದು ಹುಟ್ಟಿದ್ದೇ ರೂಟಿನ ಅಧಿಕಾರವನ್ನು ಅಳೆದು ಕೊಡುವುದಕ್ಕೆ. ಯಾರು, ಯಾವ ಆಜ್ಞೆಯನ್ನು ಮಾತ್ರ ರೂಟ್ ಆಗಿ ಓಡಿಸಬಹುದು ಎಂದು ಅದರಲ್ಲಿ ಪಟ್ಟಿ ಬರೆದಿಡಬಹುದು. ಚಮಚದಿಂದ ಬಡಿಸಲು ಮಾಡಿದ್ದನ್ನು ನಾವು ಸೌಟು ಮಾಡಿಕೊಂಡಿದ್ದೇವೆ ಅಷ್ಟೆ.

ಹಾಗಾದರೆ ಏನು ಮಾಡಬೇಕು? ಬೈದು ಸುಮ್ಮನಾದರೆ ಸಾಲದು. ಪೆಟ್ಟು ತಿಂದು ಕಲಿತದ್ದನ್ನು ಇಲ್ಲಿ ಇಡುತ್ತೇವೆ.

ಒಂದು: ಸ್ಕ್ರಿಪ್ಟಿನ ಮೊದಲ ಕೆಲಸ ತನ್ನನ್ನು ಯಾರು ಓಡಿಸುತ್ತಿದ್ದಾರೆ ಎಂದು ನೋಡುವುದು. ಐಡಿ -ಯು ಎಂಬ ಆಜ್ಞೆ ಆ ನಂಬರು ಕೊಡುತ್ತದೆ. ಸೊನ್ನೆ ಬಂದರೆ, ಮತ್ತು ರೂಟಿನ ಅಗತ್ಯ ಇಲ್ಲದಿದ್ದರೆ, "ಸುಡೊ ಇಲ್ಲದೆ ಓಡಿಸಿ" ಎಂದು ಕನ್ನಡದಲ್ಲೇ ಬರೆದು ಅಲ್ಲಿಗೇ ನಿಲ್ಲಿಸಿ. ಈ ಮೂರು ಸಾಲು ನಮ್ಮ ಸ್ಕ್ರಿಪ್ಟಿನಲ್ಲಿ ಇದ್ದಿದ್ದರೆ ಈ ಲೇಖನ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಎರಡು: ಇಡೀ ಸ್ಕ್ರಿಪ್ಟಿಗೆ ಸುಡೊ ಹಾಕಬೇಡಿ. ಒಳಗೆ ನಿಜವಾಗಿ ಬೇಕಾದ ಒಂದು ಸಾಲಿಗೆ ಮಾತ್ರ ಹಾಕಿ.

ಮೂರು: ರೂಟ್ ಆಗಿ ಓಡುವ ಸ್ಕ್ರಿಪ್ಟ್ ಇನ್ನೊಬ್ಬರ ಅನುಮತಿಯನ್ನು ತಿಳಿಯಬೇಕಾದರೆ ಅವರ ಹೆಸರಿನಲ್ಲೇ ಕೇಳಬೇಕು. ಸುಡೊ -ಯು ಎಂದು ಬರೆದು ಬಳಕೆದಾರನ ಹೆಸರು ಕೊಟ್ಟು, ಆಮೇಲೆ ಟೆಸ್ಟ್ -ಡಬ್ಲ್ಯು ಕೇಳಿದರೆ ಆ ಬಳಕೆದಾರನ ಕಣ್ಣಿನಿಂದ ಉತ್ತರ ಬರುತ್ತದೆ. ದನದ ತಡಮೆಯನ್ನು ದನದಿಂದಲೇ ಪರೀಕ್ಷಿಸಿದಂತೆ.

ನಾಲ್ಕು: ನಿಯಮವನ್ನು ಅನುಮತಿಯೊಳಗೆ ಅಡಗಿಸಬೇಡಿ. "ಈ ವರ್ಷ ಮುಚ್ಚಿದೆ" ಎಂಬುದು ನಮ್ಮ ನಿಯಮ. ಅದನ್ನು ಬರೆಯುವ ಅನುಮತಿಯಿಂದ ಊಹಿಸಲು ಸ್ಕ್ರಿಪ್ಟಿಗೆ ಬಿಟ್ಟದ್ದೇ ನಮ್ಮ ದೊಡ್ಡ ತಪ್ಪು. ಈಗ ಮುಚ್ಚಿದ ಪ್ರತಿ ಫೋಲ್ಡರಿನಲ್ಲೂ "ಮುಚ್ಚಿದೆ" ಎಂಬ ಹೆಸರಿನ ಖಾಲಿ ಫೈಲು ಇಡುತ್ತೇವೆ. ಸ್ಕ್ರಿಪ್ಟ್ ಆ ಫೈಲು ಇದೆಯೇ ಎಂದು ನೋಡುತ್ತದೆ. ಇದೆ ಎಂದರೆ ರೂಟಿಗೂ ಇದೆ, ಎರಡನೇ ತರಗತಿಯ ಮಗುವಿಗೂ ಇದೆ.

ಐದು: ಮೊದಲು ಕೇಳಿ ಆಮೇಲೆ ಮಾಡುವುದಕ್ಕಿಂತ ಮಾಡಿ ಫಲ ನೋಡುವುದು ಮೇಲು. ಕೇಳುವುದಕ್ಕೂ ಮಾಡುವುದಕ್ಕೂ ನಡುವೆ ಫೈಲಿನ ಸ್ಥಿತಿ ಬದಲಾಗಬಹುದು. ಅಳಿಸುವ ಮೊದಲು ಹೊಸತನ್ನು ಬೇರೆ ಜಾಗಕ್ಕೆ ನಕಲು ಮಾಡಿ, ಸೋತರೆ ನಿಲ್ಲಿ, ಗೆದ್ದರೆ ಮಾತ್ರ ಹಳೆಯದನ್ನು ಮುಟ್ಟಿ.

ಆರು: ರೂಟಿನಿಂದಲೂ ಕಾಯಬೇಕಾದದ್ದಿದ್ದರೆ ಒಂಬತ್ತು ಅನುಮತಿಗಳು ಸಾಲವು. ಓದಲು ಮಾತ್ರ ಎಂದು ಜೋಡಿಸಿದ ಡಿಸ್ಕಿಗೆ ರೂಟ್ ಕೂಡ ಬರೆಯಲಾರದು, ಅಲ್ಲಿ ಟೆಸ್ಟ್ -ಡಬ್ಲ್ಯು ರೂಟಿಗೂ "ಇಲ್ಲ" ಎನ್ನುತ್ತದೆ. ಸಿಎಚ್‌ಅಟ್ರ್ ಆಜ್ಞೆಯಿಂದ ಪ್ಲಸ್ ಐ ಗುರುತು ಹಾಕಿದ ಫೈಲನ್ನೂ ಆ ಗುರುತು ತೆಗೆಯುವವರೆಗೆ ರೂಟ್ ಬದಲಾಯಿಸಲಾರದು, ಅಳಿಸಲಾರದು. ಇದಕ್ಕೆಲ್ಲ ಮಿಗಿಲು, ಕಂಪ್ಯೂಟರಿನಿಂದ ಬಿಡಿಸಿ ಕಪಾಟಿನಲ್ಲಿಟ್ಟ ಇನ್ನೊಂದು ಪ್ರತಿ.

ಆ ಎಂಟು ಫೋಲ್ಡರುಗಳಲ್ಲಿ ಒಂದಿಷ್ಟು ಮರಳಿ ಸಿಕ್ಕಿತು. ವರ್ಗವಾಗಿ ಹೋದ ಟೀಚರೊಬ್ಬರ ಪೆನ್ ಡ್ರೈವಿನಲ್ಲಿ ಸ್ವಲ್ಪ, ಮುದ್ರಿಸಿಟ್ಟ ಹಾಳೆಗಳಲ್ಲಿ ಸ್ವಲ್ಪ. ಅವನ್ನು ಮತ್ತೆ ಟೈಪ್ ಮಾಡಿದೆವು. ಪದಪಟ್ಟಿ ಸಿಗಲಿಲ್ಲ, ಗೋಡೆಪತ್ರಿಕೆಯೂ ಸಿಗಲಿಲ್ಲ. ಅದರಲ್ಲಿ ಬರೆದಿದ್ದ ಮಕ್ಕಳು ಈಗ ಗಲ್ಫಿನಲ್ಲಿದ್ದಾರೆ, ಬೆಂಗಳೂರಿನಲ್ಲಿದ್ದಾರೆ. ಒಮ್ಮೆ ಊರಿಗೆ ಬಂದಿದ್ದ ಒಬ್ಬಳು "ನನ್ನ ಕತೆ ಇದೆಯಾ ಸಾರ್?" ಎಂದು ಕೇಳಿದಳು. ಏನು ಹೇಳಬೇಕಿತ್ತು ನಾವು? ನಿನ್ನ ಕತೆಗೆ ಕಾವಲು ಇತ್ತಮ್ಮಾ, ಕಾವಲನ್ನು ನಾವೇ ಬದಿಗೆ ಸರಿಸಿದೆವು ಎಂದೇ?

ಬೇಲಿಯೇ ಎದ್ದು ಹೊಲ ಮೇಯ್ದರೆ ಎನ್ನುತ್ತಾರೆ ಹಿರಿಯರು. ಇಲ್ಲಿ ಬೇಲಿಯ ತಪ್ಪೇನೂ ಇರಲಿಲ್ಲ. ಆನೆ ಹತ್ತಿ ಬಂದವರು ನಾವು.

ಮುಂದಿನ ಸಲ ನಿಮ್ಮ ಲ್ಯಾಬಿನಲ್ಲಿ ಯಾರಾದರೂ "ಸುಡೊ ಹಾಕಿ ಮಾಷ್ಟ್ರೇ" ಎಂದರೆ, ದಯವಿಟ್ಟು ಕೀಲಿಮಣೆಯಿಂದ ಕೈ ತೆಗೆದು ಒಮ್ಮೆ ಕೇಳಿ: "ಅದು ಬೇಡ ಅಂದದ್ದು ಯಾಕೆ?" ಬಸ್ಸು ತಪ್ಪಿದರೆ ತಪ್ಪಲಿ. ಐದು ಗಂಟೆಗೆ ಇನ್ನೊಂದು ಇದೆ.